ನ್ಯಾಯಾಲಯವೂ ಓದಬಾರದ ಗ್ರಂಥವೂ

ಅಮೆರಿಕದ ಓಕ್ಲಹೋಮ ರಾಜ್ಯದ ಮತದಾರರು 2010ರ ನವೆಂಬರಿನಲ್ಲಿ ತಮ್ಮ ನ್ಯಾಯಾಧೀಶರಿಗೆ ವಿಚಿತ್ರವಾದ ಕಟ್ಟಳೆಯೊಂದನ್ನು ವಿಧಿಸಹೊರಟರು. ನ್ಯಾಯಾಲಯಗಳು ಅನ್ಯ ರಾಷ್ಟ್ರಗಳ, ಅನ್ಯ ಸಂಸ್ಕೃತಿಗಳ ನ್ಯಾಯತತ್ತ್ವಗಳತ್ತ ನೋಡಕೂಡದು. ವಿಶೇಷವಾಗಿ ಅಂತರರಾಷ್ಟ್ರೀಯ ಕಾನೂನನ್ನೂ ಷರಿಯತ್ತನ್ನೂ ಪರಿಗಣಿಸಕೂಡದು ಎಂಬುದು ಆ ಸಂವಿಧಾನ ತಿದ್ದುಪಡಿಯ ಸಾರ. ಮತ ನೀಡಿದವರಲ್ಲಿ ನೂರಕ್ಕೆ 70 ಮಂದಿ ಒಪ್ಪಿದರು. ಭಾಷೆಯನ್ನು ಕಲಿಸಿ ಬದುಕುವ ನನ್ನಂಥವನ ಗಮನ ಮೊದಲು ಹರಿದದ್ದು ಆ 'ಅನ್ಯ' ಎಂಬ ಶಬ್ದದತ್ತ. ಓಕ್ಲಹೋಮ ಎಂಬ ಹೆಸರೇ ಚಾಕ್ಟಾ ಎಂಬ ಮೂಲನಿವಾಸಿಗಳ ನುಡಿ. 'ಕೆಂಪು ಜನ' ಎಂದು ಅದರ ಅರ್ಥ. ಸ್ವಂತ ಆಡಳಿತವುಳ್ಳ 30ಕ್ಕೂ ಹೆಚ್ಚು ಮೂಲನಿವಾಸಿ ರಾಷ್ಟ್ರಗಳು ಆ ರಾಜ್ಯದೊಳಗೇ ಇವೆ. ಅಲ್ಲಿ ಅನ್ಯರಾರು?

ಭಯಕ್ಕೆ ಕಾರಣವೇ ಇರಲಿಲ್ಲವೆನ್ನಲಾರೆ. ನ್ಯೂ ಜೆರ್ಸಿಯ ವಿಚಾರಣಾ ನ್ಯಾಯಾಧೀಶರೊಬ್ಬರು, ಬಲಾತ್ಕರಿಸಿದ ಗಂಡ ತನ್ನ ಧಾರ್ಮಿಕ ನಂಬಿಕೆಯಂತೆ ನಡೆದನಾದ್ದರಿಂದ ಅವನಲ್ಲಿ ಅಪರಾಧದ ಉದ್ದೇಶವಿರಲಿಲ್ಲವೆಂದು ಬಗೆದು, ಹೆಂಡತಿಗೆ ರಕ್ಷಣೆಯ ಆಜ್ಞೆಯನ್ನು ನಿರಾಕರಿಸಿದ್ದರು. ಓದಿ ಮೈ ಉರಿಯಿತು. ಆದರೆ 2010ರ ಜುಲೈಯಲ್ಲಿ ಮೇಲಣ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅದಕ್ಕೆ ಹೊಸ ನಿಷೇಧವೇನೂ ಬೇಕಾಗಲಿಲ್ಲ. ಇದ್ದ ಕಾನೂನೇ ಸಾಕಾಯಿತು.

ಓಕ್ಲಹೋಮದ ನಿಷೇಧ ತಡೆಯಹೊರಟದ್ದಾದರೂ ಯಾವುದನ್ನು? ಅಲ್ಲಿನ ಮುಸ್ಲಿಂ ನಾಗರಿಕನೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ. ತನ್ನ ಉಯಿಲಿನಲ್ಲಿ ಇಸ್ಲಾಮೀ ವಿಧಿಯ ಉಲ್ಲೇಖವಿದೆ. ತಾನು ಸತ್ತ ಬಳಿಕ ಅದನ್ನು ನ್ಯಾಯಾಧೀಶರು ಓದಲೂ ಕೂಡದೆಂದರೆ ಗತಿಯೇನು ಎಂಬುದು ಅವನ ದೂರುಗಳಲ್ಲೊಂದು. ಒಬ್ಬ ಮನುಷ್ಯನ ಕಡೆಯ ಮಾತನ್ನು ಕೇಳಿಸಿಕೊಳ್ಳಲೊಲ್ಲದ ನ್ಯಾಯ ಎಂಥ ನ್ಯಾಯ! ಓಕ್ಲಹೋಮದ ಯಾವುದೇ ನ್ಯಾಯಾಲಯ ಷರಿಯತ್ತನ್ನು ಅನ್ವಯಿಸಿದ ಒಂದೇ ಒಂದು ನಿದರ್ಶನವನ್ನೂ ರಾಜ್ಯದ ಪಕ್ಷ ತೋರಿಸಲಾರದೆ ಹೋಯಿತು. 2013ರಲ್ಲಿ ತಿದ್ದುಪಡಿ ರದ್ದಾಯಿತು. ಕಾನ್ಸಾಸ್ ಮೊದಲಾದ ರಾಜ್ಯಗಳು ಯಾವ ಮತವನ್ನೂ ಹೆಸರಿಸದೆ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ವಿದೇಶೀ ಕಾನೂನಿಗಷ್ಟೇ ತಡೆಯೊಡ್ಡಿದವು. ಅದು ಹೆಚ್ಚು ವಿವೇಕದ ಮಾತು, ಹೊಸ ಮಾತೇನಲ್ಲ.

ನಮ್ಮ ಕಥೆ ಇದಕ್ಕೆ ತೀರ ವಿಲೋಮ. ಇಲ್ಲಿ ಧರ್ಮಗ್ರಂಥವನ್ನು ನ್ಯಾಯಾಲಯಕ್ಕೆ ಕರೆತಂದವರೇ ಪರಕೀಯರು. ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಎಂದು ಕಂಪೆನಿ ಸರಕಾರ 1772ರಲ್ಲಿ ಗೊತ್ತುಮಾಡಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರಾದ ದಾಯವಿಭಾಗ ಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗಿಳಿಸಿದ. ಹಲವು ಮತಗಳನ್ನು ತೂಗಿನೋಡುವ ವ್ಯಾಖ್ಯಾನವೊಂದು ಹೀಗೆ ನ್ಯಾಯಾಧೀಶರ ಕೈಯಲ್ಲಿ ಕಲ್ಲಿನ ಶಾಸನವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮಗಳಿಗಿಲ್ಲ. ಆದರೂ ವಿಜ್ಞಾನೇಶ್ವರನನ್ನು ಓದಕೂಡದೆಂದು ಯಾರೂ ಹೇಳಲಿಲ್ಲ. ಓದಿ, ಮೀರಬೇಕಾದಲ್ಲಿ ಮೀರಿದರು: ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಮಗಳನ್ನೂ ಸಮಭಾಗಿನಿಯಾಗಿಸಿದವು.

ತಡವಾಯಿತೆಂಬುದನ್ನು ಬಲ್ಲೆ. ನಾನು ಹುಡುಗನಾಗಿದ್ದಾಗ ಅಜ್ಜನ ಮನೆ ಪಾಲಾಯಿತು. ಗಂಡಸರು ಜಮಖಾನೆಯ ಮೇಲೆ ಕುಳಿತು ಕಾಗದ ಓದುತ್ತಿದ್ದರು. ಸೋದರತ್ತೆ ಕಂಬಕ್ಕೊರಗಿ ನಿಂತು ಕೇಳುತ್ತಿದ್ದಳು. 1994ರ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸುತ್ತಿರಲಿಲ್ಲ. ಅವಳಿಗೆ ಅಷ್ಟರಲ್ಲಿ ಮೂವರು ಮಕ್ಕಳಿದ್ದರು.