ಸೋಮಾರಿ ಅನ್ನುವ ಮುನ್ನ...

"ಏಳೇ, ಐದೂವರೆ ಆಯ್ತು! ಟ್ಯೂಷನ್‌ಗೆ ಹೊತ್ತಾಗುತ್ತೆ..." ಮೂರು ಸಲ ಕೂಗಿ ಹೊದಿಕೆ ಎಳೆದರೂ ಮಗಳು ಮಗ್ಗುಲು ಬದಲಿಸ್ತಾಳೆ ಅಷ್ಟೇ. "ರಾತ್ರಿಯೆಲ್ಲ ಮೊಬೈಲು, ಬೆಳಿಗ್ಗೆ ಸೋಮಾರಿತನ" ಅಂತ ನೀವು ಗೊಣಗ್ತೀರಿ. ಮೊಬೈಲಿನ ತಪ್ಪು ಇದ್ದೇ ಇದೆ. ಆದರೆ ಪೂರ್ತಿ ತಪ್ಪು ಅದರದ್ದಲ್ಲ.

ಹರೆಯಕ್ಕೆ ಬಂದ ಮಕ್ಕಳ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ಓಡುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಹತ್ತಕ್ಕೆ ಮಲಗು ಅಂದರೂ ನಿದ್ದೆ ಹತ್ತುವುದು ಹನ್ನೊಂದೂವರೆಗೆ. ಐದೂವರೆಗೆ ಎಬ್ಬಿಸಿದರೆ ಸಿಕ್ಕಿದ್ದು ಆರೇ ಗಂಟೆ. 13ರಿಂದ 18 ವರ್ಷದವರಿಗೆ ಬೇಕಾದದ್ದು 8ರಿಂದ 10 ಗಂಟೆ!

"ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತೆ" ಅಂತ ಅಜ್ಜಿ ಹೇಳ್ತಿದ್ದರು, ನಿಜ. ಆದರೆ ಆಗ ಮನೆಯಲ್ಲಿ ಒಂಬತ್ತಕ್ಕೇ ದೀಪ ಆರುತ್ತಿತ್ತು. ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ. ನಿದ್ದೆಗೆಟ್ಟು ಓದಿಸಿದರೆ ಮರೆವು, ಸಿಡುಕು, ಪರೀಕ್ಷೆ ಭಯವೇ ಹೆಚ್ಚುತ್ತದೆ.

ಬೇರೆ ಕಡೆ ಇದನ್ನು ಸರ್ಕಾರಗಳೇ ಯೋಚಿಸಿವೆ. ಹೈಸ್ಕೂಲು 8.30ಕ್ಕೆ ಮೊದಲು ಶುರುವಾಗಬಾರದು ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿತು. 2022ರಲ್ಲಿ ಜಾರಿಗೂ ಬಂತು. ಪಕ್ಕದ ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆಗಳು 9ಕ್ಕೆ ಮೊದಲು ಶುರುವಾಗಬಾರದೆಂದು ಹೇಳಿತು. ದೊಡ್ಡ ಮಕ್ಕಳ ಮಾತು ಅದರಲ್ಲಿರಲಿಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ಶಾಲಾ ಸಮಯದ ಚರ್ಚೆ ಎದ್ದದ್ದು ಟ್ರಾಫಿಕ್ ಕಾರಣಕ್ಕೆ, ಮಕ್ಕಳ ನಿದ್ದೆಗಲ್ಲ. ಹಾಗಾಗಿ ಸದ್ಯಕ್ಕೆ ದಾರಿ ಹುಡುಕಬೇಕಾದವರು ನಾವೇ.

ಹೀಗೆ ಮಾಡಿ ನೋಡಿ:

* ಮುಂಜಾನೆಯ ಟ್ಯೂಷನ್ ಸಂಜೆಗೆ ಬದಲಾಗುತ್ತದಾ ಕೇಳಿ.
* ಮಲಗುವ ಒಂದು ಗಂಟೆ ಮುಂಚೆ ಮನೆಯವರ ಎಲ್ಲ ಮೊಬೈಲುಗಳೂ ಹಾಲ್‌ನಲ್ಲಿ ಚಾರ್ಜಿಗೆ. ನಿಮ್ಮದೂ ಸೇರಿ!
* ಸಂಜೆ ಆದಮೇಲೆ ಕಾಫಿ, ಟೀ ಬೇಡ. ಓದಲು ಎಚ್ಚರವಿರಲಿ ಅಂತ ನಾವೇ ಕೊಡುವ ಲೋಟ ಮಧ್ಯರಾತ್ರಿವರೆಗೂ ಕಾಡುತ್ತದೆ.
* ಎದ್ದ ಕೂಡಲೇ ಹತ್ತು ನಿಮಿಷ ಹೊರಗಿನ ಬೆಳಕಿಗೆ ಕಳಿಸಿ. ದೇಹದ ಗಡಿಯಾರ ಮುಂದಕ್ಕೆ ಬರುತ್ತದೆ.
* ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ, ಮಧ್ಯಾಹ್ನದವರೆಗೆ ಬೇಡ.
* ಮಧ್ಯಾಹ್ನದ ನಿದ್ದೆ 20 ನಿಮಿಷ ಸಾಕು.

ಚೆನ್ನಾಗಿ ಮಲಗಿದರೂ ಹಗಲು ತೂಕಡಿಕೆ, ಜೋರು ಗೊರಕೆ, ವಾರಗಟ್ಟಲೆ ನಿದ್ದೆ ಬಾರದಿರುವುದು ಕಂಡರೆ ವೈದ್ಯರಿಗೆ ತೋರಿಸಿ. ಅಂಗಡಿಯಿಂದ ನಿದ್ದೆ ಮಾತ್ರೆ ತರುವ ಸಾಹಸ ಬೇಡ.

ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆ ನಿದ್ದೆಯ ಮಾತನ್ನೂ ಎತ್ತಿ. ನಾಳೆ ಬೆಳಿಗ್ಗೆ ಬಾಯಿಗೆ ಬಂದ 'ಸೋಮಾರಿ' ಅನ್ನುವ ಮಾತನ್ನು ಮಾತ್ರ ನುಂಗಿಬಿಡಿ.