ಮಾನದ ಹೆಸರಲ್ಲಿ ವಂಚಕರಿಗೆ ಕಾವಲು

ಫೇಸ್‌ಬುಕ್‌ನಲ್ಲಿ ಎರಡು ದಿನಗಳ ಹಿಂದೆ ಪರಿಚಯವಾದ ‘ಹುಡುಗಿ’ ನಡುರಾತ್ರಿ ವಾಟ್ಸಾಪ್‌ನಲ್ಲಿ ವೀಡಿಯೊ ಕರೆ ಮಾಡುತ್ತಾಳೆ. ತೆರೆಯ ಮೇಲೆ ಕಾಣುವ ಹೆಣ್ಣು ಎಷ್ಟೋ ಸಲ ಆ ಕಡೆ ಇರುವುದೇ ಇಲ್ಲ. ಇನ್ನೊಂದು ಮೊಬೈಲಿನಲ್ಲಿ ಓಡುತ್ತಿರುವ ಹಳೆಯ ವೀಡಿಯೊ ಅದು. ಈ ಕಡೆಯವನು ಮರುಳಾಗಿ ಬಟ್ಟೆ ಕಳಚಿದ ಒಂದೆರಡು ನಿಮಿಷ ಸಾಕು. ಕರೆ ಮುಗಿದ ಬೆನ್ನಿಗೇ ಅವನದೇ ವೀಡಿಯೊ ಅವನಿಗೆ ಬರುತ್ತದೆ. ಜೊತೆಗೆ ಅವನ ಅಣ್ಣ, ಭಾವ, ಮೇಷ್ಟ್ರು ಎಲ್ಲರ ಹೆಸರುಗಳ ಪಟ್ಟಿ. ಹಣ ಹಾಕದಿದ್ದರೆ ಇವರಿಗೆಲ್ಲ ಕಳುಹಿಸುತ್ತೇವೆ ಎಂಬ ಬೆದರಿಕೆ.

ಹಣ ಕೊಟ್ಟರೆ ಮುಗಿಯಿತೇ? ಮರುದಿನ ‘ದೆಹಲಿ ಪೊಲೀಸ್ ಅಧಿಕಾರಿ’ ಕರೆ ಮಾಡುತ್ತಾನೆ. ಆ ಮೇಲೆ ‘ಯೂಟ್ಯೂಬ್ ಕಚೇರಿಯವನು’ ವೀಡಿಯೊ ಅಳಿಸಲು ಶುಲ್ಕ ಕೇಳುತ್ತಾನೆ. ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು, ಕೇಸು ನಿನ್ನ ಮೇಲೆಯೇ ಎಂದು ಹೆದರಿಸುವವರೂ ಇದ್ದಾರೆ. ಎಲ್ಲರೂ ಒಂದೇ ತಂಡದವರು. ಕೊಟ್ಟವನು ಇನ್ನೂ ಕೊಡುತ್ತಾನೆಂಬುದು ಅವರ ಲೆಕ್ಕ.

ಇದು ಪುಂಡ ಹುಡುಗರ ಚೇಷ್ಟೆಯಲ್ಲ, ವ್ಯವಸ್ಥಿತ ದಂಧೆ. ರಾಜಸ್ಥಾನದ ಭರತ್‌ಪುರ, ಅಲ್ವರ್, ಹರಿಯಾಣದ ನೂಹ್ ಭಾಗಗಳಲ್ಲಿ ಪೊಲೀಸರು ಇಂಥ ಜಾಲಗಳನ್ನು ಮತ್ತೆ ಮತ್ತೆ ಬಯಲಿಗೆಳೆದಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸೈಬರ್ ವಂಚಕರನ್ನು ಹಿಡಿಯಲು ನೂಹ್‌ನ 14 ಹಳ್ಳಿಗಳ ಮೇಲೆ ಸಾವಿರಾರು ಪೊಲೀಸರು ಒಮ್ಮೆಗೇ ದಾಳಿ ಮಾಡಬೇಕಾಯಿತು. ಯಾರದೋ ಹೆಸರಿನ ಸಿಮ್, ಯಾರದೋ ಬ್ಯಾಂಕ್ ಖಾತೆ. ಇವೇ ಈ ದಂಧೆಯ ಉಪಕರಣಗಳು.

ಆದರೆ ಈ ದಂಧೆಯ ನಿಜವಾದ ಬಂಡವಾಳ ಸಿಮ್ಮೂ ಅಲ್ಲ, ವೀಡಿಯೊವೂ ಅಲ್ಲ. ಅದು ನಮ್ಮ ನಾಲಿಗೆ. ವಿಷಯ ತಿಳಿದರೆ ನಾವೇನು ಮಾಡುತ್ತೇವೆಂದು ವಂಚಕನಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಬೈಗುಳ, ಬೀದಿಯಲ್ಲಿ ನಗು, ಮದುವೆ ಮಾತುಕತೆಯಲ್ಲಿ ಪಿಸುಮಾತು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬಂತೆ ನಾವು ಕಲ್ಲು ಹಿಡಿದೇ ನಿಂತಿರುತ್ತೇವೆ. ಆ ಕಲ್ಲನ್ನು ತೋರಿಸಿಯೇ ಆತ ಹಣ ಕೀಳುತ್ತಾನೆ. ಹೀಗೆ ಹೆದರಿ ಪ್ರಾಣ ಕಳೆದುಕೊಂಡವರಿದ್ದಾರೆ. ಆ ಸಾವಿನಲ್ಲಿ ನಮ್ಮ ಪಾಲಿಲ್ಲವೇ?

‘ಮಿತಿ ಮೀರಿದ್ದಕ್ಕೆ ತಕ್ಕ ಶಾಸ್ತಿ’ ಎನ್ನುವ ಹಿರಿಯರಿದ್ದಾರೆ. ಮಿತಿಯ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಜಾರಿದವನೂ ಗುಂಡಿ ತೋಡಿದವನೂ ಒಂದೇ ಅಲ್ಲ. ತಪ್ಪಿಗೆ ಪಶ್ಚಾತ್ತಾಪವಿದೆ, ಸುಲಿಗೆಗೆ ಬೇಕಿರುವುದು ಶಿಕ್ಷೆ. ಅಷ್ಟಕ್ಕೂ ಮುಖದ ಒಂದು ಫೋಟೊ ಸಿಕ್ಕರೆ ನಗ್ನ ದೇಹಕ್ಕೆ ಅಂಟಿಸುವ ತಂತ್ರಜ್ಞಾನ ಇಂದು ಎಲ್ಲರ ಕೈಯಲ್ಲಿದೆ. ಯಾವ ತಪ್ಪೂ ಮಾಡದ ಹೆಣ್ಣುಮಗಳಿಗೂ ಇದೇ ಬೆದರಿಕೆ ಬರಬಹುದು. ಆಗಲೂ ನಾವು ಇದೇ ತೀರ್ಪು ಕೊಡುತ್ತೇವೆಯೇ?

ಕಾನೂನು ಯಾರ ಕಡೆಗಿದೆ ಎಂಬುದನ್ನು ನಮ್ಮ ಮಕ್ಕಳು ಮೊದಲೇ ತಿಳಿದಿರಲಿ. ಹೆದರಿಸಿ ಹಣ ಕೀಳುವವನಿಗೆ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ 7 ವರ್ಷಗಳವರೆಗೆ ಜೈಲು ಆಗಬಹುದು. ಲೈಂಗಿಕ ದೃಶ್ಯ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬೇರೆಯೇ ಅಪರಾಧ. ಬೆದರಿಕೆ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗಾಬರಿಯಲ್ಲಿ ಸಂದೇಶಗಳನ್ನು ಅಳಿಸಬೇಡಿ. ಫೋನ್ ನಂಬರ್, ಖಾತೆಯ ವಿವರ, ಪ್ರೊಫೈಲ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ಫೇಸ್‌ಬುಕ್ ಸ್ನೇಹಿತರ ಪಟ್ಟಿ ಹೊರಗಿನವರಿಗೆ ಕಾಣದಂತೆ ಇವತ್ತೇ ಮುಚ್ಚಿಡಿ.

ಇವೆಲ್ಲಕ್ಕಿಂತ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಆ ಒಬ್ಬರು ಆಗಬೇಕಾದವರು ನಾವು. ತಂದೆ, ತಾಯಿ, ಅಣ್ಣ, ಶಿಕ್ಷಕ, ಜಮಾಅತಿನ ಹಿರಿಯ ಯಾರೇ ಇರಲಿ, ‘ಏನೇ ಆದರೂ ನನ್ನ ಬಳಿ ಬಾ, ಬೈಯುವುದಿದ್ದರೆ ಆಮೇಲೆ ಬೈಯುತ್ತೇನೆ’ ಎಂದು ಇಂದೇ ಹೇಳಿಡಬೇಕು. ಹಂಚಲು ವೀಡಿಯೊ ನಮ್ಮ ಮೊಬೈಲಿಗೆ ಬಂದರೆ ತೆರೆಯದೆ, ಯಾರಿಗೂ ಕಳುಹಿಸದೆ, ಸಂಬಂಧಪಟ್ಟವನಿಗೆ ಫೋನ್ ಮಾಡಿ ‘ಹೆದರಬೇಡ, ನಾವಿದ್ದೇವೆ’ ಎನ್ನಬೇಕು. ಊರಿಗೆ ಊರೇ ಹಾಗೆ ಹೇಳುವಂತಾದರೆ ವಂಚಕನ ಕೈಯಲ್ಲಿ ಉಳಿಯುವುದು ಬೆಲೆಯಿಲ್ಲದ ಒಂದು ವೀಡಿಯೊ ಮಾತ್ರ.