ಸಾಕ್ಷಿಗಳ ಮಾತು ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆಂದೇ?

ಒಂದೇ ಘಟನೆಯ ಬಗ್ಗೆ ಸಾಕ್ಷಿಗಳು ಬೇರೆ ಬೇರೆ ಮಾತಾಡಿದರೆ, ಅವರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಜಪಾನಿನ ರ್ಯೂನೊಸುಕೆ ಅಕುತಗಾವಾ 1922ರಲ್ಲಿ ಪ್ರಕಟಿಸಿದ ‘ಯಾಬು ನೊ ನಾಕಾ’ (ಪೊದೆಯೊಳಗೆ) ಕತೆ ಓದಿದರೆ ಈ ತೀರ್ಮಾನ ಅಲುಗಾಡುತ್ತದೆ. ಅದರಲ್ಲಿರುವುದು ಒಂದು ಸಾವು, ಏಳು ಹೇಳಿಕೆಗಳು. ‘ನಾನೇ ಕೊಂದೆ’ ಎನ್ನುತ್ತಾನೆ ದರೋಡೆಕೋರ. ಸತ್ತವನ ಹೆಂಡತಿ ಹೇಳುವುದೂ ಅದನ್ನೇ. ಸತ್ತವನೋ, ಹೆಂಗಸೊಬ್ಬಳ ಮೈಮೇಲೆ ಬಂದು, ‘ನಾನೇ ಇರಿದುಕೊಂಡೆ’ ಎನ್ನುತ್ತಾನೆ. ತಪ್ಪಿಸಿಕೊಳ್ಳಲು ಯಾರೂ ಇಂಥ ಸುಳ್ಳು ಹೇಳುವುದಿಲ್ಲ!

ಸುಳ್ಳು ಹೇಳುವ ಉದ್ದೇಶವಿಲ್ಲದೆಯೂ ನೆನಪು ಬದಲಾಗುತ್ತದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳ ವೇಗ ಕೇಳಿದರು. 50 ಜನರಿಗೆ ಕಾರುಗಳು ‘ಗುದ್ದಿದಾಗ’ ಎಂದು, ಇನ್ನು 50 ಜನರಿಗೆ ‘ಅಪ್ಪಳಿಸಿ ನುಜ್ಜುಗುಜ್ಜಾದಾಗ’ ಎಂಬರ್ಥದ ಪದ ಬಳಸಿದರು. ವಾರದ ನಂತರ ‘ಒಡೆದ ಗಾಜು ಕಂಡಿರಾ?’ ಎಂದಾಗ, ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದೆಂದರು. ಫಿಲ್ಮ್‌ನಲ್ಲಿ ಒಡೆದ ಗಾಜೇ ಇರಲಿಲ್ಲ.

ಹಾಗೆಂದು ನಿಜವೇ ಇಲ್ಲವೆಂದಲ್ಲ. ಕತೆಯಲ್ಲೂ ಒಬ್ಬ ಸತ್ತಿರುವುದಂತೂ ನಿಜ. ಹೇಳಿಕೆಗಳು ಎಲ್ಲಿ ಕೂಡುತ್ತವೆ, ಸ್ಥಳದಲ್ಲಿ ಸಿಕ್ಕ ವಸ್ತುಗಳಿಗೆ ಎಷ್ಟು ಹೊಂದುತ್ತವೆ ಎಂದು ನೋಡಬೇಕು. ಜತೆಗೆ ಕೇಳಿದ ಪ್ರಶ್ನೆ ಯಾವುದಿತ್ತು ಎಂಬುದನ್ನೂ ನೋಡಬೇಕು. ಅಕುತಗಾವಾ ಕತೆಯಲ್ಲಿ ಬರೀ ಉತ್ತರಗಳಿವೆ, ವಿಚಾರಣಾಧಿಕಾರಿಯ ಪ್ರಶ್ನೆಗಳಿಲ್ಲ.